ಸೂಪರ್‌ಮ್ಯಾನ್‌ಗೆ ಎರಡು ಮನೆಗಳಿರಬಾರದೇ?

ಜೇಮ್ಸ್ ಗನ್ ಬರೆದು ನಿರ್ದೇಶಿಸಿದ ‘ಸೂಪರ್‌ಮ್ಯಾನ್’ ಚಿತ್ರ 2025ರ ಜುಲೈ 11ರಂದು ತೆರೆಕಂಡಿತು. ನಮ್ಮ ದೇಶದಲ್ಲಿ ಸೆನ್ಸಾರ್ ಮಂಡಳಿ ಕತ್ತರಿಸಿದ ಚುಂಬನದ ಕೆಲವು ಸೆಕೆಂಡುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು. ಉಳಿದ ಚರ್ಚೆ ಹಳೆಯ ಸೂಪರ್‌ಮ್ಯಾನ್ ಚಿತ್ರಗಳೊಂದಿಗಿನ ಹೋಲಿಕೆಯಲ್ಲಿ ಕಳೆಯಿತು. ಇವೆರಡಕ್ಕಿಂತ ಗಹನವಾದ ಪ್ರಶ್ನೆಯೊಂದು ಈ ಚಿತ್ರದ ಒಡಲಲ್ಲಿದೆ ಎಂಬುದು ನಮ್ಮ ಭಾವನೆ. ಒಂದು ಕಡೆ ಹುಟ್ಟಿ, ಇನ್ನೊಂದು ಕಡೆ ಬೆಳೆದವನು ತನ್ನ ಹುಟ್ಟಿನ ನೆಲೆಯೊಡನೆ ಯಾವ ಸಂಬಂಧ ಇಟ್ಟುಕೊಳ್ಳಬೇಕು? ಚಿತ್ರ ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎತ್ತಿಕೊಳ್ಳುತ್ತದೆ. ಆದರೆ ಅದಕ್ಕೆ ಕೊಡುವ ಉತ್ತರ ತೀರ ಸುಲಭದ್ದು. ಚಿತ್ರದ ಗುಣವನ್ನೂ ದೋಷವನ್ನೂ ತೂಗಿ ನೋಡುವಾಗ ಕಥೆಯ ಕೊನೆಯನ್ನು ಮುಚ್ಚಿಡುವುದು ಸಾಧ್ಯವಿಲ್ಲ. ನೋಡದೆ ಉಳಿದವರು ನೋಡಿ ಬಂದ ಮೇಲೆ ಮುಂದೆ ಓದಬಹುದು.

ಮೊದಲು ಪಾತ್ರದ ಪೂರ್ವಕಥೆಯನ್ನು ಸ್ವಲ್ಪ ನೆನೆಯೋಣ. ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ, ‘ಆಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ತರುಣರು. ಇಬ್ಬರೂ ಯೂರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಮುಂದೆ ಕೋಟಿಗಟ್ಟಲೆ ಗಳಿಸಿದ ಈ ಪಾತ್ರದ ಹಕ್ಕನ್ನು ಅವರು ಪ್ರಕಾಶಕರಿಗೆ ಮಾರಿದ್ದು ಕೇವಲ 130 ಡಾಲರಿಗೆ. ನಾಶವಾಗುತ್ತಿರುವ ಕ್ರಿಪ್ಟನ್ ಎಂಬ ಗ್ರಹದಿಂದ ತಂದೆತಾಯಿ ತಮ್ಮ ಕೂಸನ್ನು ಪುಟ್ಟ ನೌಕೆಯೊಂದರಲ್ಲಿ ಭೂಮಿಗೆ ಕಳುಹಿಸುತ್ತಾರೆ. ಕ್ಯಾನ್ಸಸ್‌ನ ರೈತ ದಂಪತಿ ಅದನ್ನು ಸಾಕುತ್ತಾರೆ. ಹುಟ್ಟುಹೆಸರು ಕಲ್-ಎಲ್, ಸಾಕಿದವರ ಮನೆಯ ಹೆಸರು ಕ್ಲಾರ್ಕ್ ಕೆಂಟ್, ಲೋಕಕ್ಕೆ ಸೂಪರ್‌ಮ್ಯಾನ್. ಒಬ್ಬನೇ ವ್ಯಕ್ತಿ ಮೂರು ಹೆಸರುಗಳಲ್ಲಿ ಬಾಳುವ ಈ ಕಥೆಯಲ್ಲಿ ವಲಸೆಗಾರರ ಮಕ್ಕಳ ಅನುಭವ ಎಷ್ಟು ಸೇರಿದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಇಂಥ ಕಥೆಯನ್ನು ಮತ್ತೆ ಹೇಳುವವನು ಅದನ್ನು ಬದಲಿಸುವುದು ಸಹಜ. ಪಂಪನು ಭಾರತದ ಕಥೆಯನ್ನು ಕನ್ನಡಕ್ಕೆ ತರುವಾಗ ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ, ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದ. ಆದ್ದರಿಂದ ಮೂಲವನ್ನು ಬದಲಿಸಿದ್ದೇ ಅಪರಾಧವೆಂದು ನಾವು ವಾದಿಸುವುದಿಲ್ಲ. ಬದಲಾವಣೆಯಿಂದ ಕಥೆ ಏನನ್ನು ಪಡೆಯಿತು, ಏನನ್ನು ಕಳೆದುಕೊಂಡಿತು ಎಂಬುದಷ್ಟೇ ವಿಮರ್ಶೆಯ ಪ್ರಶ್ನೆ.

ಪಡೆದದ್ದು ಕಡಿಮೆಯೇನಲ್ಲ. ಗ್ರಹದ ಸ್ಫೋಟ, ನೌಕೆಯ ಪಯಣ, ಹೊಲದಲ್ಲಿ ಸಿಕ್ಕ ಮಗು ಎಂಬ ಚಿರಪರಿಚಿತ ಪೀಠಿಕೆಯನ್ನು ಗನ್ ಪೂರ್ತಿ ಬಿಟ್ಟಿದ್ದಾರೆ. ಪರದೆಯ ಮೇಲೆ ಮೂಡುವ ಕೆಲವೇ ಸಾಲುಗಳು ಹಿಂದಿನದನ್ನೆಲ್ಲ ಹೇಳಿ ಮುಗಿಸುತ್ತವೆ. ಮರುಕ್ಷಣವೇ ಸೂಪರ್‌ಮ್ಯಾನ್ ಆಕಾಶದಿಂದ ಅಂಟಾರ್ಕ್ಟಿಕದ ಹಿಮದ ಮೇಲೆ ಬಂದು ಬೀಳುತ್ತಾನೆ. ಅವನು ಜೀವಮಾನದಲ್ಲಿ ಮೊದಲ ಬಾರಿಗೆ ಸೋತಿದ್ದಾನೆ. ಎಲುಬು ಮುರಿದಿದೆ, ಬಾಯಲ್ಲಿ ರಕ್ತ. ಸೀಟಿ ಹೊಡೆದು ನಾಯಿಯನ್ನು ಕರೆಯುತ್ತಾನೆ. ಕ್ರಿಪ್ಟೋ ಎಂಬ ಆ ತುಂಟ ನಾಯಿ ಒಡೆಯನ ನೋವನ್ನು ಲೆಕ್ಕಿಸದೆ ಅವನ ಮೈಮೇಲೆ ಕುಣಿದಾಡಿ, ಆಮೇಲೆ ಅವನನ್ನು ಮನೆಗೆ ಎಳೆದೊಯ್ಯುತ್ತದೆ. ಅಜೇಯನೆಂದು ಹೆಸರಾದವನನ್ನು ಸೋಲಿನಿಂದಲೇ ಪರಿಚಯಿಸುವ ಈ ಆರಂಭ ಬಲು ಜಾಣತನದ್ದು. ದೇವರಂತೆ ಪೂಜಿಸಬೇಕಾದವನನ್ನಲ್ಲದೆ, ಕಾಳಜಿ ವಹಿಸಬೇಕಾದ ಒಬ್ಬನನ್ನು ನೋಡುತ್ತಿದ್ದೇವೆಂಬ ಭಾವ ಮೊದಲ ಐದು ನಿಮಿಷದಲ್ಲೇ ಮೂಡುತ್ತದೆ.

ಎರಡನೆಯ ಗುಣ, ಒಳ್ಳೆಯತನವನ್ನು ಚಿತ್ರ ನಾಚಿಕೆಯಿಲ್ಲದೆ ಎತ್ತಿಹಿಡಿಯುವ ರೀತಿ. 2013ರಲ್ಲಿ ಝಾಕ್ ಸ್ನೈಡರ್ ನಿರ್ದೇಶಿಸಿದ ‘ಮ್ಯಾನ್ ಆಫ್ ಸ್ಟೀಲ್’ನ ಕೊನೆಯ ಕಾಳಗದಲ್ಲಿ ಮೆಟ್ರೊಪೊಲಿಸ್ ನಗರದ ಗಗನಚುಂಬಿಗಳು ಒಂದರ ಮೇಲೊಂದು ಕುಸಿದವು, ಅವುಗಳೊಳಗಿದ್ದವರ ಲೆಕ್ಕ ಕೇಳಲು ಆ ಕಾಳಗಕ್ಕೆ ಬಿಡುವಿರಲಿಲ್ಲ. ಇಲ್ಲಿಯ ಸೂಪರ್‌ಮ್ಯಾನ್ ಬೃಹತ್ ಜಂತುವೊಂದರೊಡನೆ ಹೋರಾಡುತ್ತಲೇ ಕಟ್ಟಡಗಳಿಗೆ ಹೆಗಲು ಕೊಡುತ್ತಾನೆ, ದಾರಿಹೋಕರನ್ನು ಮರೆಗೆ ಸರಿಸುತ್ತಾನೆ, ಒಂದು ಅಳಿಲನ್ನೂ ಎತ್ತಿಕೊಂಡು ಹೋಗಿ ಸುರಕ್ಷಿತವಾಗಿ ಬಿಡುತ್ತಾನೆ. ಆ ಜಂತುವನ್ನೂ ಕೊಲ್ಲದೆ ಸಾಗಿಸಬಹುದಿತ್ತೆಂದು ಅವನಿಗೆ ಬೇಸರ. ಅಳಿಲಿನ ದೃಶ್ಯ ಕಂಡು ನಕ್ಕವರಿದ್ದಾರೆ. ನಮಗೆ ಅದು ಚಿತ್ರದ ಶೀಲವನ್ನೇ ತೋರುವ ಗಳಿಗೆ. ಶಕ್ತಿಯಿದ್ದವನ ಯೋಗ್ಯತೆಯನ್ನು ಅಳೆಯಬೇಕಾದದ್ದು ತನಗಿಂತ ಎಳ್ಳಷ್ಟೂ ಪ್ರಯೋಜನವಿಲ್ಲದ ಜೀವವನ್ನು ಅವನು ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದರಿಂದಲೇ. ಡೇವಿಡ್ ಕೊರೆನ್ಸ್ವೆಟ್ ಅವರ ಮುಖದಲ್ಲಿ ಆ ಸರಳತೆ ಕೃತಕವೆನಿಸುವುದಿಲ್ಲ.

ಮೂರನೆಯದು ಸಂದರ್ಶನದ ದೃಶ್ಯ. ಬೊರಾವಿಯ ಎಂಬ ಬಲಿಷ್ಠ ದೇಶ ನೆರೆಯ ಬಡ ದೇಶ ಜರ್ಹಾನ್‌ಪುರದ ಮೇಲೆ ದಂಡೆತ್ತಿ ಹೋದಾಗ ಸೂಪರ್‌ಮ್ಯಾನ್ ಯಾರನ್ನೂ ಕೇಳದೆ ಅದನ್ನು ತಡೆದಿದ್ದಾನೆ. ಅವನ ಪ್ರೇಯಸಿಯೂ ಪತ್ರಕರ್ತೆಯೂ ಆದ ಲೋಯಿಸ್ ಲೇನ್, ಪ್ರೀತಿಯನ್ನು ಬದಿಗಿಟ್ಟು, ಧ್ವನಿಮುದ್ರಕವನ್ನು ಎದುರಿಗಿಟ್ಟು ಪ್ರಶ್ನಿಸುತ್ತಾಳೆ. ಯಾರ ಅನುಮತಿಯಿಂದ ಹೋದೆ? ಯಾವ ಸರ್ಕಾರದ ಪ್ರತಿನಿಧಿಯಾಗಿ? ಪರಿಣಾಮಗಳನ್ನು ಯೋಚಿಸಿದ್ದೆಯಾ? ಜನ ಸಾಯುತ್ತಿದ್ದರು ಎಂಬುದೊಂದೇ ಅವನ ಉತ್ತರ. ಅವಳ ಪ್ರಶ್ನೆಗಳೂ ಸರಿ, ಅವನ ಉತ್ತರವೂ ಸರಿ. ನಿಯಮಗಳ ನಡುವೆ ದುಡಿಯುವ ನಮ್ಮಂಥ ಸರ್ಕಾರಿ ನೌಕರರಿಗೆ ಈ ವಾಗ್ವಾದ ಪರಕೀಯವಲ್ಲ. ಅಧಿಕಾರವ್ಯಾಪ್ತಿಯ ಗೆರೆ ಮತ್ತು ಕಣ್ಣೆದುರಿನ ಕಷ್ಟ ಒಂದಕ್ಕೊಂದು ಎದುರಾಗಿ ನಿಲ್ಲುವ ಕ್ಷಣಗಳನ್ನು ನಾವೂ ಬಲ್ಲೆವು. ರೇಚಲ್ ಬ್ರಾಸ್ನಹನ್ ಅವರ ಲೋಯಿಸ್ ಈ ದೃಶ್ಯದಲ್ಲಿ ನಾಯಕನ ಸಮಾನಳಾಗಿ ನಿಲ್ಲುತ್ತಾಳೆ. ಕೋಟ್ಯಂತರ ವೆಚ್ಚದ ದೃಶ್ಯವೈಭವದ ನಡುವೆ ಇಬ್ಬರು ಕುಳಿತು ಮಾತನಾಡುವ ದೃಶ್ಯವೇ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ಖಳನಾಯಕನೂ ಸಶಕ್ತನೇ. ನಿಕೋಲಸ್ ಹೋಲ್ಟ್ ಅಭಿನಯಿಸಿದ ಲೆಕ್ಸ್ ಲೂಥರ್‌ನ ಅಂತರಂಗದಲ್ಲಿರುವುದು ಅಸೂಯೆ. ಅದನ್ನು ಅವನೇ ಬಾಯ್ಬಿಟ್ಟು ಒಪ್ಪಿಕೊಳ್ಳುತ್ತಾನೆ. ಅಂತರ್ಜಾಲದಲ್ಲಿ ಸೂಪರ್‌ಮ್ಯಾನ್ ವಿರುದ್ಧ ದ್ವೇಷ ಬಿತ್ತಲು ಅವನು ಸಾಲುಸಾಲು ಕೋತಿಗಳನ್ನು ಕೀಲಿಮಣೆಗಳ ಮುಂದೆ ಕೂರಿಸಿದ್ದಾನೆ. ಈ ವಿಡಂಬನೆ ಒರಟಾದರೂ ಗುರಿ ತಪ್ಪುವುದಿಲ್ಲ.

ಇನ್ನು ದೋಷಗಳು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುವಂಥದು: ವಿಪರೀತ ಸಂದಣಿ. ಗ್ರೀನ್ ಲ್ಯಾಂಟರ್ನ್, ಹಾಕ್‌ಗರ್ಲ್, ಮಿಸ್ಟರ್ ಟೆರಿಫಿಕ್, ಮೆಟಮಾರ್ಫೊ, ಎಂಜಿನಿಯರ್, ಅಲ್ಟ್ರಾಮ್ಯಾನ್ ಹೀಗೆ ಪಾತ್ರಗಳು ಒಂದರ ಹಿಂದೊಂದು ಬಂದಿಳಿಯುತ್ತವೆ. ಡಿಸಿ ಸ್ಟುಡಿಯೋಸ್ ಕಟ್ಟಹೊರಟ ಹೊಸ ಚಿತ್ರಮಾಲಿಕೆಯ ಬುನಾದಿ ಇದಾದ್ದರಿಂದ ಮುಂದಿನ ಚಿತ್ರಗಳ ಬೀಜಗಳನ್ನೂ ಇದರಲ್ಲೇ ಬಿತ್ತಬೇಕಾಗಿದೆ. ಈ ನೂಕುನುಗ್ಗಲಿನಲ್ಲಿ ಎಡಿ ಗಥೇಗಿ ಅವರ ಮಿಸ್ಟರ್ ಟೆರಿಫಿಕ್‌ನಂಥ ಒಂದೆರಡು ಪಾತ್ರಗಳಿಗಷ್ಟೇ ಉಸಿರಾಡಲು ಜಾಗ ಸಿಕ್ಕಿದೆ. ಗಂಭೀರ ಕ್ಷಣವೊಂದು ಗಟ್ಟಿಯಾಗುವ ಮುನ್ನವೇ ಹಾಸ್ಯವೊಂದು ನುಗ್ಗಿ ಅದನ್ನು ಕದಡುವುದೂ ಉಂಟು.

ಎರಡನೆಯ ದೋಷ ಇದಕ್ಕಿಂತ ಭಾರವಾದದ್ದು. ಯಾರ ರಕ್ಷಣೆಗಾಗಿ ಇಷ್ಟೆಲ್ಲ ನಡೆಯಿತೋ ಆ ಜರ್ಹಾನ್‌ಪುರದ ಜನಕ್ಕೆ ಚಿತ್ರದಲ್ಲಿ ಮಾತೇ ಇಲ್ಲ. ಅವರು ಶಸ್ತ್ರಸಜ್ಜಿತ ಸೈನ್ಯದ ಎದುರು ನಿಂತಿದ್ದಾರೆ. ಒಬ್ಬ ಹುಡುಗ ಸೂಪರ್‌ಮ್ಯಾನನ ಲಾಂಛನವಿರುವ ಬಾವುಟ ನೆಟ್ಟು ಅವನ ಹೆಸರು ಕೂಗುತ್ತಾನೆ. ತಮ್ಮ ದೇಶದ ಬಗ್ಗೆ ಅವರಿಗೇನನ್ನಿಸುತ್ತದೆ, ಅವರ ನಾಯಕರು ಯಾರು ಎಂಬುದನ್ನು ಕೇಳುವ ವ್ಯವಧಾನ ಚಿತ್ರಕ್ಕಿಲ್ಲ. ಮೆಟ್ರೊಪೊಲಿಸ್‌ನ ಬೀದಿಯಲ್ಲಿ ಫಲಾಫೆಲ್ ಮಾರುವ ಮಾಲಿ ಎಂಬಾತ ಒಮ್ಮೆ ಬಿದ್ದ ಸೂಪರ್‌ಮ್ಯಾನನಿಗೆ ಕೈಕೊಟ್ಟು ಎಬ್ಬಿಸುತ್ತಾನೆ. ಆ ಸಣ್ಣ ಉಪಕಾರಕ್ಕಾಗಿ ಲೂಥರ್ ಅವನನ್ನು ಸೆರೆಯಾಳಿನ ಕಣ್ಣೆದುರೇ ಗುಂಡಿಕ್ಕಿ ಕೊಲ್ಲುತ್ತಾನೆ. ಮಾಲಿಯ ಸಾವು ಒಂದೆರಡು ದೃಶ್ಯಗಳ ಕಾಲ ನಾಯಕನನ್ನು ಕಲಕಿ ಕಥೆಯಿಂದ ಮರೆಯಾಗುತ್ತದೆ. ಅಳಿಲಿಗೂ ಬೆಲೆ ಕೊಡುವ ಚಿತ್ರ ಇಲ್ಲಿ ತನ್ನ ಮಾತನ್ನು ತಾನೇ ಮರೆತಂತಿದೆ.

ನಮ್ಮನ್ನು ಹೆಚ್ಚು ಯೋಚನೆಗೀಡುಮಾಡಿದ ಸಂಗತಿ ಮಾತ್ರ ಬೇರೆ. ಹೆತ್ತವರು ಕೂಸಿನ ಜೊತೆ ಕಳುಹಿಸಿದ ಸಂದೇಶವೊಂದು ಸೂಪರ್‌ಮ್ಯಾನನ ಬಳಿಯಿದೆ. ಪಯಣದಲ್ಲಿ ಹಾನಿಗೊಳಗಾದ್ದರಿಂದ ಅದರ ಮೊದಲರ್ಧ ಮಾತ್ರ ಉಳಿದಿದೆ. ನಿನ್ನನ್ನು ಅಪಾರವಾಗಿ ಪ್ರೀತಿಸುತ್ತೇವೆ, ನೀನು ಒಳಿತು ಮಾಡಬಲ್ಲ ನೆಲೆಗೆ ಕಳುಹಿಸುತ್ತಿದ್ದೇವೆ ಎಂಬ ಭಾವದ ಮಾತುಗಳು ಅದರಲ್ಲಿವೆ. ಗಾಯಗೊಂಡಾಗಲೆಲ್ಲ ಅವನು ಕೇಳುವುದು ಇದನ್ನೇ. ಲೂಥರ್ ಸಂದೇಶದ ಉತ್ತರಾರ್ಧವನ್ನು ಹೊರತೆಗೆಸಿ ಜಗತ್ತಿಗೆಲ್ಲ ಬಿತ್ತರಿಸುತ್ತಾನೆ: ಭೂಮಿಯ ಜನ ದುರ್ಬಲರು, ಅವರನ್ನು ದಯೆಯಿಲ್ಲದೆ ಆಳು, ಅನೇಕ ಹೆಂಡಿರನ್ನು ಪಡೆದು ಕ್ರಿಪ್ಟನ್ನಿನ ವಂಶವನ್ನು ಬೆಳೆಸು ಎಂಬ ಆಜ್ಞೆ ಅದರಲ್ಲಿದೆ. ಲೂಥರ್ ಸೃಷ್ಟಿಸಿದ ಸುಳ್ಳಿರಬಹುದೆಂದು ನಾವು ಕೊನೆಯವರೆಗೆ ಕಾಯುತ್ತೇವೆ. ಚಿತ್ರದೊಳಗೆ ಅದು ನಿಜವೆಂದೇ ನಿಲ್ಲುತ್ತದೆ. ನಿನ್ನೆಯವರೆಗೆ ಜೈಕಾರ ಹಾಕಿದ ಜನ ಒಂದೇ ದಿನದಲ್ಲಿ ತಿರುಗಿಬೀಳುತ್ತಾರೆ.

ಕುಸಿದುಹೋದ ಮಗನಿಗೆ ಸಾಕುತಂದೆ ಕೆಂಟ್ ತನ್ನ ಹೊಲದಲ್ಲಿ ಹೇಳುವ ಮಾತಿನ ಸಾರಾಂಶವಿಷ್ಟು: ನೀನು ಯಾರೆಂಬುದನ್ನು ನಿರ್ಧರಿಸುವುದು ಹೆತ್ತವರ ಅಪ್ಪಣೆಯಲ್ಲ, ನಿನ್ನ ಆಯ್ಕೆಗಳು. ಪ್ರೂಟ್ ಟೇಲರ್ ವಿನ್ಸ್ ಈ ದೃಶ್ಯದಲ್ಲಿ ಕಣ್ಣು ತೇವಗೊಳಿಸುತ್ತಾರೆ. ಹುಟ್ಟಿದ ಕುಲವನ್ನು ಮೊದಲು ಕೇಳಿ ಆಮೇಲೆ ನೀರು ಕೊಡುವ ಪದ್ಧತಿ ಪೂರ್ತಿ ಅಳಿಯದ ನಾಡಿನವರಾದ ನಮಗೆ ಈ ಮಾತಿನ ಬೆಲೆ ಚೆನ್ನಾಗಿ ಗೊತ್ತು. ಹುಟ್ಟು ಯಾರ ಹಣೆಬರಹವೂ ಅಲ್ಲ ಎಂದು ಹನ್ನೆರಡನೆಯ ಶತಮಾನದ ವಚನಕಾರರು ಸಾರಿದ ನುಡಿಯಲ್ಲಿ ಬೆಳೆದವರು ನಾವು. ಇಷ್ಟರಮಟ್ಟಿಗೆ ಚಿತ್ರಕ್ಕೆ ನಮ್ಮ ಪೂರ್ಣ ಸಹಮತವಿದೆ.

ಆದರೆ ಚಿತ್ರ ಅಲ್ಲಿಗೆ ನಿಲ್ಲುವುದಿಲ್ಲ. ಕೊನೆಯ ದೃಶ್ಯದಲ್ಲಿ ಗಾಯಗೊಂಡ ಸೂಪರ್‌ಮ್ಯಾನ್ ಮತ್ತೆ ತನ್ನ ಹಿಮದ ಮನೆಗೆ ಬರುತ್ತಾನೆ. ಯಂತ್ರಮಾನವರು ಅವನ ಸಾಂತ್ವನಕ್ಕೆ ತಂದೆತಾಯಿಯರ ಚಿತ್ರಗಳನ್ನು ಹಾಕುತ್ತಾರೆ. ಈ ಬಾರಿ ಮೂಡುವುದು ಹೆತ್ತವರ ಸಂದೇಶವಲ್ಲ. ಕೆಂಟ್ ದಂಪತಿ ಮಗುವಿನೊಂದಿಗೆ ಆಡಿದ, ನಕ್ಕ, ಕ್ಯಾನ್ಸಸ್‌ನ ಮನೆಯ ಹಳೆಯ ವಿಡಿಯೋಗಳು. ಬಹಳ ಸುಂದರವಾದ ದೃಶ್ಯ. ಆದರೆ ಒಂದು ಮನೆ ಬಂದ ಜಾಗದಲ್ಲಿ ಇನ್ನೊಂದು ಮನೆ ಅಳಿಸಿಹೋಗಿದೆ. ಸಂದೇಶದ ಉತ್ತರಾರ್ಧ ನಿಜವಾದರೆ ಪೂರ್ವಾರ್ಧದ ಪ್ರೀತಿಯೂ ನಿಜವೇ ತಾನೆ? ಅದೇ ಬಾಯಿಗಳು ಆಡಿದ ಮಾತದು. ಸಾಯುವ ಮುನ್ನ ಮಗುವನ್ನು ಬದುಕಿಸಿದ ಕೈಗಳೂ ಅವೇ. ಪ್ರೀತಿ ಮತ್ತು ಅಹಂಕಾರ ಒಂದೇ ಎದೆಯಲ್ಲಿ ಇರುವುದು ಮನುಷ್ಯಲೋಕದಲ್ಲಿ ಅಪರೂಪವೇನಲ್ಲ. ಆ ಸಂಕಟವನ್ನು ಎದುರಿಸುವ ಬದಲು ಚಿತ್ರ ಕ್ರಿಪ್ಟನ್ನನ್ನೇ ಕಸದ ಬುಟ್ಟಿಗೆ ಹಾಕಿ ನಿರಾಳವಾಗುತ್ತದೆ. ಉಳಿದ ಕ್ರಿಪ್ಟನ್ ಎಂದರೆ ಒಂದು ನಾಯಿ ಮತ್ತು ಬೇರೆ ಗ್ರಹಗಳಲ್ಲಿ ಕುಡಿದು ತೂರಾಡಿ ಬರುವ ಸೋದರಸಂಬಂಧಿ ಸೂಪರ್‌ಗರ್ಲ್. ಆ ನಾಯಿಯೂ ಅವಳದೇ ಎಂದು ಕೊನೆಯಲ್ಲಿ ತಿಳಿಯುತ್ತದೆ!

ಇದನ್ನು ದೊಡ್ಡದು ಮಾಡುವುದೇಕೆ? ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಸಂದರ್ಶನದಲ್ಲಿ ಗನ್, ಇದು ಹೊರಗಿನಿಂದ ಬಂದ ವಲಸೆಗಾರನ ಕಥೆ, ಹಾಗೆಯೇ ಅಮೆರಿಕದ ಕಥೆ ಎಂಬರ್ಥದ ಮಾತಾಡಿದ್ದರು. ಅದಕ್ಕಾಗಿ ಅಲ್ಲಿಯ ಬಲಪಂಥೀಯರ ಕೋಪಕ್ಕೂ ಗುರಿಯಾದರು. ಲೂಥರ್‌ನ ವಾದವೂ ವಲಸೆಯನ್ನು ವಿರೋಧಿಸುವವರ ವಾದವೇ: ಇವನ ಮೂಲ ಕಲುಷಿತ, ಆದ್ದರಿಂದ ಇವನು ಎಂದಿಗೂ ನಮ್ಮವನಲ್ಲ. ಈ ವಾದಕ್ಕೆ ಕೊಡಬಹುದಾದ ಉತ್ತರಗಳು ಎರಡು. ನನ್ನ ಮೂಲವನ್ನು ನೀನು ತೂಗುವ ರೀತಿಯೇ ತಪ್ಪು ಎನ್ನುವುದು ಒಂದು. ಮೂಲ ಕಲುಷಿತವೇ ಇರಬಹುದು, ನಾನು ಅದನ್ನು ತೊರೆದಿದ್ದೇನೆ ಎನ್ನುವುದು ಇನ್ನೊಂದು. ಚಿತ್ರ ಆರಿಸಿಕೊಂಡದ್ದು ಎರಡನೆಯದನ್ನು. ಸೂಪರ್‌ಮ್ಯಾನ್ ಕೊನೆಯಲ್ಲಿ ಲೂಥರ್‌ಗೆ, ನಾನೂ ನಿಮ್ಮೆಲ್ಲರಷ್ಟೇ ಮನುಷ್ಯ ಎಂದು ಹೇಳುವ ಮಾತು ಹೃದ್ಯವಾಗಿದೆ. ಆದರೆ ಹೊರಗಿನಿಂದ ಬಂದವನಿಗೆ ಮನ್ನಣೆ ದೊರೆಯಲು ಅವನು ತನ್ನ ಹಿಂದಿನದನ್ನೆಲ್ಲ ಕಳಚಿಡಬೇಕು ಎಂಬ ಹಳೆಯ ಷರತ್ತು ಆ ಮಾತಿನ ಕೆಳಗೆ ಹಾಗೆಯೇ ಉಳಿದುಬಿಡುತ್ತದೆ.

ಈ ಆಯ್ಕೆ ಅನಿವಾರ್ಯವಾಗಿರಲಿಲ್ಲ. ಕಾಮಿಕ್ಸ್ ಪರಂಪರೆಯಲ್ಲಿ ಎರಡೂ ದಾರಿಗಳಿವೆ. 1986ರಲ್ಲಿ ಜಾನ್ ಬರ್ನ್ ಮರುರಚಿಸಿದ ಕಥೆಯಲ್ಲಿ ಕ್ರಿಪ್ಟನ್ ಶೀತಲ, ನಿರ್ಭಾವ ಲೋಕ. ಅಲ್ಲಿಯ ನಾಯಕ ಭೂಮಿಯನ್ನೇ ತನ್ನದೆಂದು ಸ್ವೀಕರಿಸುತ್ತಾನೆ. ಗನ್ ಆ ದಾರಿಯಲ್ಲಿ ಇನ್ನೂ ಹಲವು ಹೆಜ್ಜೆ ಮುಂದೆ ಹೋಗಿದ್ದಾರೆ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಚೀನೀ ವಲಸೆಗಾರರ ಮಗನಾದ ಜೀನ್ ಲುಯೆನ್ ಯಾಂಗ್ 2019–20ರಲ್ಲಿ ಬರೆದ ‘ಸೂಪರ್‌ಮ್ಯಾನ್ ಸ್ಮ್ಯಾಶಸ್ ದ ಕ್ಲ್ಯಾನ್’ ಇದೆ. 1946ರ ಬಾನುಲಿ ಸರಣಿಯೊಂದನ್ನು ಆಧರಿಸಿದ ಆ ಕೃತಿಯಲ್ಲಿ ಚೀನೀ ಕುಟುಂಬವೊಂದು ಮೆಟ್ರೊಪೊಲಿಸ್‌ನ ಹೊಸ ಬಡಾವಣೆಗೆ ಬಂದು ಜನಾಂಗದ್ವೇಷಿಗಳ ಕಾಟಕ್ಕೆ ಸಿಕ್ಕುತ್ತದೆ. ಅದೇ ವೇಳೆ ಸೂಪರ್‌ಮ್ಯಾನ್ ತನ್ನೊಳಗಿನ ಪರಕೀಯತೆಗೆ ಹೆದರಿ ಅರ್ಧ ಶಕ್ತಿಯನ್ನು ಅದುಮಿಟ್ಟಿದ್ದಾನೆ. ಹುಟ್ಟಿದ ನೆಲೆಯನ್ನು ಒಪ್ಪಿಕೊಂಡ ಮೇಲೆಯೇ ಅವನಿಗೆ ಹಾರಲು ಬರುತ್ತದೆ. ಮಕ್ಕಳಿಗಾಗಿ ಬರೆದ ಈ ಪುಸ್ತಕ ದೊಡ್ಡವರ ಚಿತ್ರಕ್ಕಿಂತ ಪ್ರಬುದ್ಧವಾಗಿದೆ.

ನಮ್ಮ ಕಾವ್ಯಗಳೂ ಈ ಪ್ರಶ್ನೆಯನ್ನು ಬಲ್ಲವು. ಕರ್ಣನಿಗೆ ಹುಟ್ಟಿನ ರಹಸ್ಯ ತಿಳಿಯುವುದು ಯುದ್ಧದ ಹೊಸ್ತಿಲಲ್ಲಿ. ಅದನ್ನು ಹೇಳುವ ಕೃಷ್ಣನ ಉದ್ದೇಶವೂ ರಾಜಕಾರಣದ್ದೇ. ಕರ್ಣ ಸಿಂಹಾಸನವನ್ನು ಒಲ್ಲೆನೆನ್ನುತ್ತಾನೆ. ಸಾಕಿದ ರಾಧೆಯನ್ನೂ ಅನ್ನವಿಟ್ಟ ದುರ್ಯೋಧನನನ್ನೂ ಬಿಡುವುದಿಲ್ಲ. ಹಾಗೆಂದು ಕುಂತಿಯನ್ನು ಬಾಗಿಲಿನಿಂದ ಅಟ್ಟುವುದೂ ಇಲ್ಲ. ಕೂಸನ್ನು ಹೊಳೆಗೆ ಬಿಟ್ಟ ತಾಯಿ ಅವಳು; ದೂರಲು ಅವನಿಗೆ ನೂರು ಕಾರಣಗಳಿದ್ದವು. ಆದರೂ ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲವೆಂದು ಮಾತು ಕೊಟ್ಟು ಕಳುಹಿಸುತ್ತಾನೆ. ಎರಡು ತಾಯ್ತನಗಳ ಭಾರವನ್ನೂ ಹೊತ್ತು ರಣರಂಗಕ್ಕೆ ನಡೆದದ್ದರಿಂದಲೇ ಪಂಪ, ಕುಮಾರವ್ಯಾಸರಿಂದ ಇಂದಿನವರೆಗೆ ಕನ್ನಡದ ಮನಸ್ಸು ಅವನನ್ನು ಮರೆಯಲಾರದಾಗಿದೆ. ದೇವಕಿಯ ಮಗನಾಗಿದ್ದೂ ಯಶೋದೆಯ ಕಂದನಾಗಿ ಉಳಿದ ಕೃಷ್ಣನನ್ನು ಕುರಿತು ಹಾಡುವಾಗ ನಮಗೆ ಒಬ್ಬಳನ್ನು ಮರೆತು ಇನ್ನೊಬ್ಬಳನ್ನು ನೆನೆಯಬೇಕೆಂದು ಎಂದೂ ಅನ್ನಿಸಿಲ್ಲ.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಈ ಚರ್ಚೆ ಕಾವ್ಯಕ್ಕೆ ಸೀಮಿತವಲ್ಲ. ನಮ್ಮ ವಲಸೆ ಗ್ರಹದಿಂದ ಗ್ರಹಕ್ಕಲ್ಲ, ದೇಶದಿಂದ ದೇಶಕ್ಕೂ ಅಲ್ಲ. ರೈಲಿನಲ್ಲಿ ಒಂದು ರಾತ್ರಿಯ ದೂರ. ಆದರೂ ಬೀದಿಯಲ್ಲಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ ಆಡಿ ಬರುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡಕ್ಕೆ ತಡವರಿಸುತ್ತಾರೆ. ಯಾವುದು ನಮ್ಮ ಊರು ಎಂದು ಅವರು ಕೇಳುತ್ತಾರೆ. ಬಂದ ಊರಿಗೆ ನಿಷ್ಠರಾಗಿರಬೇಕಾದರೆ ಬಿಟ್ಟ ಊರನ್ನು ಮರೆಯಬೇಕು ಎಂಬ ಒತ್ತಾಯ ಕೆಲವೊಮ್ಮೆ ಹೊರಗಿನಿಂದ ಬರುತ್ತದೆ, ಕೆಲವೊಮ್ಮೆ ಮಕ್ಕಳ ಒಳಗಿನಿಂದಲೇ ಏಳುತ್ತದೆ. ಬಿಟ್ಟುಬಂದ ಊರು ಸ್ವರ್ಗವೇನಲ್ಲ. ಅಲ್ಲಿಯ ಜಾತಿ, ಜಗಳ, ಸಣ್ಣತನಗಳನ್ನು ನಾವು ಮರೆತಿಲ್ಲ, ಅವುಗಳ ಆಜ್ಞೆಗಳನ್ನು ಪಾಲಿಸಬೇಕಾಗಿಯೂ ಇಲ್ಲ. ಮುಂಬಯಿಯಲ್ಲಿ ಬಾಳಿ ಹಾನೇಹಳ್ಳಿಯನ್ನು ಮತ್ತೆ ಮತ್ತೆ ಬರೆದ ಯಶವಂತ ಚಿತ್ತಾಲರು ಆ ಊರಿನ ಕತ್ತಲೆಯನ್ನು ಮರೆಮಾಚಲಿಲ್ಲ, ಊರನ್ನು ಕೈಬಿಡಲೂ ಇಲ್ಲ. ಅಪ್ಪಣೆಯನ್ನು ಧಿಕ್ಕರಿಸಿಯೂ ಸಂಬಂಧವನ್ನು ಉಳಿಸಿಕೊಳ್ಳಬಹುದು ಎಂಬ ನಡುದಾರಿ ಅದು. ಗನ್ ಅವರ ಸೂಪರ್‌ಮ್ಯಾನ್‌ಗೆ ಅದು ಕಾಣಿಸಲಿಲ್ಲ.

ಮುಂದಿನ ಚಿತ್ರಗಳಲ್ಲಿ ಕ್ರಿಪ್ಟನ್ನಿನ ಕಥೆ ಬೇರೆ ತಿರುವು ಪಡೆಯಬಹುದಲ್ಲ ಎಂದು ಯಾರಾದರೂ ಕೇಳಬಹುದು. ಪಡೆಯಲಿ. ಆದರೆ ಟಿಕೆಟ್ಟು ಕೊಂಡು ನೋಡಿದ ಚಿತ್ರವನ್ನು ಅದು ತೋರಿಸಿದ್ದರ ಮೇಲೆ ತೂಗಬೇಕು. ಇಂಥ ಹಗುರ ಮನರಂಜನೆಗೆ ಇಷ್ಟು ಭಾರದ ಪ್ರಶ್ನೆ ಬೇಕೇ ಎಂಬ ಆಕ್ಷೇಪಕ್ಕೂ ನಮ್ಮ ಉತ್ತರವಿದೆ: ಪ್ರಶ್ನೆಯನ್ನು ತಂದವರು ನಾವಲ್ಲ, ಚಿತ್ರವೇ. ಅದು ಅಷ್ಟು ಶ್ರದ್ಧೆಯಿಂದ ಕೇಳಿತೆಂಬ ಕಾರಣಕ್ಕೇ ಉತ್ತರದ ಬಗ್ಗೆ ನಮಗೆ ಅಸಮಾಧಾನ.

ಒಟ್ಟಿನಲ್ಲಿ ‘ಸೂಪರ್‌ಮ್ಯಾನ್’ ನೋಡಬೇಕಾದ ಚಿತ್ರ. ಮಕ್ಕಳೊಡನೆ ಕುಳಿತು ನೋಡಬೇಕಾದ ಚಿತ್ರ. ದಯೆ ದೌರ್ಬಲ್ಯವಲ್ಲವೆಂದು ಇಷ್ಟು ಸಂತೋಷದಿಂದ ಹೇಳುವ ಸೂಪರ್‌ಹೀರೋ ಚಿತ್ರಗಳು ಹೆಚ್ಚಿಲ್ಲ. ನೋಡಿ ಬಂದ ಮೇಲೆ ಮಕ್ಕಳನ್ನು ಒಂದು ಪ್ರಶ್ನೆ ಕೇಳೋಣ: ಕೊನೆಯ ದೃಶ್ಯದ ಆ ಪರದೆಯ ಮೇಲೆ ಕೆಂಟ್ ದಂಪತಿಯ ಪಕ್ಕದಲ್ಲಿ ಹೆತ್ತವರ ಮುಖಗಳಿಗೂ ಜಾಗವಿದ್ದಿದ್ದರೆ ಅವನು ಯಾವ ವಿಧದಲ್ಲಿ ಕಡಿಮೆ ಮನುಷ್ಯನಾಗುತ್ತಿದ್ದ? ಅವರು ಕೊಡುವ ಉತ್ತರದಲ್ಲಿ, ಕನ್ನಡ ಅವರ ಪಾಲಿಗೆ ಏನಾಗಲಿದೆ ಎಂಬುದರ ಸುಳಿವೂ ನಮಗೆ ಸಿಗಬಹುದು.